ವೈನ್ ಕಂಪನಿ ಕಟ್ಟಲು ಒಂದು ಆಯುಷ್ಯ ಯಾಕೆ ಹಿಡಿಯುತ್ತದೆ?

ಬೆಂಗಳೂರಿನಲ್ಲಿ ಕಂಪನಿ ಶುರು ಮಾಡುವುದು, ಹೂಡಿಕೆ ತರುವುದು, ಏಳೆಂಟು ವರ್ಷದಲ್ಲಿ ಯಾರಿಗೋ ಮಾರಿ ಇನ್ನೊಂದಕ್ಕೆ ಕೈ ಹಾಕುವುದು ಈಗ ಮಾಮೂಲಿ. ಇದೇ ಊರಿಂದ ಸುಮಾರು 40 ಕಿಲೋಮೀಟರ್ ಆಚೆ, ದೊಡ್ಡಬಳ್ಳಾಪುರ ತಾಲ್ಲೂಕಿನ ರಘುನಾಥಪುರದಲ್ಲಿ, ಆ ಲೆಕ್ಕಕ್ಕೆ ಸಿಗದ ಒಂದು ಕಂಪನಿ ಇದೆ. ಮುಂಬೈನ ಉದ್ಯಮಿ ಕನ್ವಲ್ ಗ್ರೋವರ್ ಇಲ್ಲಿ ದ್ರಾಕ್ಷಿ ಬಳ್ಳಿ ನೆಡಿಸಿದ್ದು 1988ರಲ್ಲಿ. ಮೊದಲ ವೈನ್ ಪೇಟೆಗೆ ಬಂದದ್ದು 1992ರಲ್ಲಿ. ಹೊರದೇಶದ ತಜ್ಞರಿಂದ ದೊಡ್ಡ ಮೆಚ್ಚುಗೆ ಸಿಕ್ಕಿದ್ದು 2005ರಲ್ಲಿ. 2012ರಲ್ಲಿ ನಾಸಿಕ್ ಕಡೆಯ ಇನ್ನೊಂದು ಕಂಪನಿ ಜೊತೆ ಸೇರಿ ಅದು ಗ್ರೋವರ್ ಜಂಪಾ ಆಯಿತು. ಅಷ್ಟು ಹೊತ್ತಿಗೆ ಮಗ ಕಪಿಲ್ ಗ್ರೋವರ್ ಮುಂದೆ ನಿಂತಿದ್ದರು. ಮೊಮ್ಮಗಳು ಕರಿಷ್ಮಾ ಕ್ಯಾಲಿಫೋರ್ನಿಯಾದಲ್ಲಿ ವೈನ್ ತಯಾರಿಕೆ ಓದಿ ಬಂದು ಕೆಲಸಕ್ಕೆ ಇಳಿದಿದ್ದರು.

ಒಂದೇ ಕಂಪನಿ, ಮೂರು ತಲೆಮಾರು. ಇದನ್ನು ಮನೆತನದ ಹಟ ಅನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಈ ಧಂದೆಯೇ ಹಾಗಿದೆ. ಬಳ್ಳಿ, ಪೀಪಾಯಿ, ಅಬಕಾರಿ ಇಲಾಖೆ, ಕುಡಿಯುವವರ ನಾಲಿಗೆ, ಇವೆಲ್ಲ ತಮ್ಮ ತಮ್ಮ ವೇಗದಲ್ಲೇ ನಡೆಯುತ್ತವೆ. ದುಡ್ಡು ಸುರಿದು ಯಾವುದನ್ನೂ ಓಡಿಸಲು ಆಗುವುದಿಲ್ಲ. ಅದು ಹೇಗೆ ಅಂತ ತಿಳಿಯಲು ಬಳ್ಳಿಯಿಂದಲೇ ಶುರು ಮಾಡಬೇಕು.

ಕನ್ವಲ್ ಗ್ರೋವರ್ ಅವರಿಗೆ ಫ್ರಾನ್ಸ್ ಕಂಪನಿಗಳ ಜೊತೆ ವ್ಯವಹಾರವಿತ್ತು, ಹೋಗಿ ಬರುವುದು ಇದ್ದೇ ಇತ್ತು. ಅಲ್ಲಿನ ವೈನ್ ರುಚಿ ಹತ್ತಿತು. ಷಾಂಪೇನ್ ಪ್ರಾಂತ್ಯದ ಜಾರ್ಜ್ ವೆಸೆಲ್ ಅವರ ಪರಿಚಯವಾಯಿತು. ವೆಸೆಲ್ ಅಂದರೆ ಮಮ್ ಎಂಬ ದೊಡ್ಡ ಷಾಂಪೇನ್ ಕಂಪನಿಯ ತೋಟ ನೋಡಿಕೊಂಡವರು, ಬೂಜಿ ಎಂಬ ಊರಿನ ಮೇಯರ್ ಕೂಡ ಆಗಿದ್ದವರು. ಇಬ್ಬರೂ ಸೇರಿ ಭಾರತದಲ್ಲಿ ಜಾಗ ಹುಡುಕಿದರು. 35 ದ್ರಾಕ್ಷಿ ತಳಿಗಳನ್ನು ತರಿಸಿ ಪ್ರಯೋಗ ಮಾಡಿದರು. ಒಂದು ಬಾಟಲಿಯೂ ಮಾರದೆ ಇಷ್ಟಕ್ಕೇ ವರ್ಷಗಳು ಹೋದವು. ಕೊನೆಗೆ ಆರಿಸಿದ್ದು ನಂದಿ ಬೆಟ್ಟದ ಬುಡವನ್ನು.

ಯಾಕೆ ಅಲ್ಲೇ? ನಾವು ಭೂಮಧ್ಯರೇಖೆಗೆ ಹತ್ತಿರ, 13 ಡಿಗ್ರಿ ಅಕ್ಷಾಂಶದಲ್ಲಿ ಇದ್ದೇವೆ. ವೈನಿಗೆ ಹೆಸರಾದ ಊರುಗಳೆಲ್ಲ ಹೆಚ್ಚುಕಡಿಮೆ 30ರಿಂದ 50 ಡಿಗ್ರಿ ನಡುವೆ ಬರುತ್ತವೆ. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಏಳುತ್ತದೆ, ಸೆಪ್ಟೆಂಬರ್ ಹೊತ್ತಿಗೆ ಕೊಯ್ಲು. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಬಿಟ್ಟರೆ ವರ್ಷವಿಡೀ ಹಬ್ಬುತ್ತಾ ಹೋಗುತ್ತದೆ. ಆದರೆ ಈ ಬಯಲು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಆಸುಪಾಸಿನಲ್ಲಿದೆ. ಹಗಲು ಬಿಸಿಲಿದ್ದರೂ ಡಿಸೆಂಬರ್, ಜನವರಿ ರಾತ್ರಿ ಸ್ವೆಟರ್ ಹುಡುಕಬೇಕು. ಆ ರಾತ್ರಿಯ ತಂಪು ಹಣ್ಣಿನ ಹುಳಿಯನ್ನು ಉಳಿಸುತ್ತದೆ. ಹುಳಿ ಹೋದ ವೈನ್ ಸಪ್ಪೆ, ಎರಡನೇ ಗುಟುಕು ಬೇಡ ಅನ್ನಿಸುತ್ತದೆ.

ನಿದ್ದೆ ಇಲ್ಲದ ಬಳ್ಳಿಯನ್ನು ಕತ್ತರಿ ಹಿಡಿದು ಹದ್ದುಬಸ್ತಿನಲ್ಲಿಡಬೇಕು. ಅದಕ್ಕೇ ಇಲ್ಲಿ ವರ್ಷಕ್ಕೆ ಎರಡು ಸಲ ಕಟಿಂಗ್. ಕೊಯ್ಲು ಮುಗಿದ ಮೇಲೆ, ಏಪ್ರಿಲ್ ಸುಮಾರಿಗೆ ಒಂದು. ಅದು ಹಣ್ಣಿಗಲ್ಲ, ಕಡ್ಡಿ ಬಲಿಯುವುದಕ್ಕೆ. ಆಗ ಚಿಗುರಿದ ಕಡ್ಡಿಯ ಕಣ್ಣುಗಳ ಒಳಗೇ ಮುಂದಿನ ವರ್ಷದ ಗೊಂಚಲು ಕಣ್ಣಿಗೆ ಕಾಣದ ಹಾಗೆ ತಯಾರಾಗುತ್ತದೆ. ಆಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಎರಡನೇ ಕಟಿಂಗ್. ಫಸಲು ಬರುವುದು ಇದರಿಂದ, ಫೆಬ್ರವರಿ, ಮಾರ್ಚ್‌ನಲ್ಲಿ.

ಈ ಎರಡನೇ ಕಟಿಂಗ್‌ನ ತಾರೀಕು ಇದೆಯಲ್ಲ, ಅದು ಶುದ್ಧ ಜೂಜು. ಬೆಂಗಳೂರಿನ ಸುತ್ತ ಜೋರು ಮಳೆ ಬೀಳುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಬೇಗ ಕತ್ತರಿಸಿದರೆ ಎಳೆ ಚಿಗುರಿನ ಮೇಲೆ ಮಳೆ ಬಿದ್ದು ಬೂಜು ರೋಗ ಹತ್ತುತ್ತದೆ. ಎಲೆಯ ಕೆಳಗೆ ಬಿಳಿ ತುಪ್ಪಟ ಕಂಡಿತು ಅಂದರೆ ಕೆಲವೇ ದಿನದಲ್ಲಿ ಸಾಲಿಗೆ ಸಾಲೇ ಹೋಯಿತು. ಮಳೆ ಮುಗಿಯಲಿ ಅಂತ ಕಾದರೆ ಕೊಯ್ಲು ಏಪ್ರಿಲ್ ಬಿಸಿಲಿಗೆ ಸಿಕ್ಕಿಕೊಳ್ಳುತ್ತದೆ. ಫ್ರಾನ್ಸಿನಲ್ಲಿ ಹಣ್ಣು ಮಾಗುವ ಹೊತ್ತಿಗೆ ಬಿಸಿಲು ಇಳಿಯುತ್ತಾ ಹೋಗುತ್ತದೆ, ನಮ್ಮಲ್ಲಿ ಏರುತ್ತಾ ಹೋಗುತ್ತದೆ. ಸಕ್ಕರೆ ದಿಢೀರನೆ ಏರುತ್ತದೆ, ಹುಳಿ ಇಳಿಯುತ್ತದೆ, ಬೀಜ ಮಾತ್ರ ಇನ್ನೂ ಹಸಿರು. ಈ ಜೂಜನ್ನು ಹೇಗೆ ಆಡಬೇಕು ಅಂತ ಯಾವ ಫ್ರೆಂಚ್ ಪುಸ್ತಕವೂ ಹೇಳುವುದಿಲ್ಲ. ಪ್ರತಿ ವರ್ಷ ಒಂದೇ ಸಲ ಆಡಬಹುದು. ಹತ್ತು ಪಾಠ ಕಲಿಯಲು ಹತ್ತು ವರ್ಷ ಬೇಕು. ಉದ್ಯಮಿಯ ಆಯುಷ್ಯ ಮೊದಲು ಖರ್ಚಾಗುವುದು ಇಲ್ಲಿ.

ಕೊಯ್ಲಿನ ವಾರದಲ್ಲಿ ತೋಟಕ್ಕೆ ಹೋದರೆ ಇನ್ನೊಂದು ಕೆಲಸ ಕಾಣುತ್ತದೆ. ಬೆಳಗಿನ ತಂಪಿನಲ್ಲಿ ವೈನ್ ತಯಾರಿಸುವವರು ಸಾಲುಗಳ ನಡುವೆ ನಡೆಯುತ್ತಾ ಅಲ್ಲೊಂದು ಇಲ್ಲೊಂದು ಹಣ್ಣು ಕೀಳುತ್ತಾರೆ. ಒಂದೇ ಗೊಂಚಲಿನಿಂದಲ್ಲ, ಬಿಸಿಲ ಕಡೆಯದು, ನೆರಳ ಕಡೆಯದು, ಮೇಲಿನದು, ಕೆಳಗಿನದು. ಹಿಂಡಿ, ಒಂದು ತೊಟ್ಟು ರಸವನ್ನು ಸಕ್ಕರೆ ಅಳೆಯುವ ರಿಫ್ರ್ಯಾಕ್ಟೋಮೀಟರ್ ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದರೆ ಒಳಗೆ ನೀಲಿ, ಬಿಳಿ ನಡುವೆ ಒಂದು ಗೆರೆ. ಅದು 23, 24ರ ಹತ್ತಿರ ಬಂದರೆ ಸಕ್ಕರೆ ಸಾಕು ಅಂತ ಅರ್ಥ. ಆದರೆ ಅಷ್ಟಕ್ಕೇ ನಂಬುವುದಿಲ್ಲ. ಹಣ್ಣನ್ನು ಬಾಯಿಗೆ ಹಾಕಿ ಸಿಪ್ಪೆ ಜಗಿಯುತ್ತಾರೆ, ಬೀಜ ಕಡಿಯುತ್ತಾರೆ. ಬೀಜ ಕಂದಾಗಿ ಕಟುಂ ಅಂದರೆ ಮಾಗಿದೆ. ಹಸಿರಾಗಿ ನಾಲಿಗೆಗೆ ಅಂಟುವ ಒಗರು ಇದ್ದರೆ ಇನ್ನೂ ಕಾಯಬೇಕು. ಅಲ್ಲಿ ಗೆರೆ ಕೊಯ್ಯಿ ಅನ್ನುತ್ತೆ, ಇಲ್ಲಿ ಬೀಜ ಬೇಡ ಅನ್ನುತ್ತೆ. ಯಾರ ಮಾತು ಕೇಳಬೇಕು ಅಂತ ತೀರ್ಮಾನಿಸಲು ಆ ತೋಟದ್ದೇ ಅನುಭವ ಬೇಕು.

ಇಷ್ಟೆಲ್ಲ ಯಾಕೆ, ನಮ್ಮ ಬೆಂಗಳೂರು ಬ್ಲೂ ಇರಲಿಲ್ವಾ ಅಂತ ಕೇಳುವವರು ತುಂಬಾ ಜನ. ಕೇಳಬೇಕಾದ ಪ್ರಶ್ನೆಯೇ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಆ ಕಪ್ಪು ದ್ರಾಕ್ಷಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ಹಾಪ್‌ಕಾಮ್ಸ್ ದ್ರಾಕ್ಷಿ ಮೇಳದಲ್ಲಿ ಜನ ಮುಗಿಬಿದ್ದು ಕೊಳ್ಳುತ್ತಾರೆ. ಜ್ಯೂಸ್‌ಗೆ, ಜಾಮ್‌ಗೆ, ಕ್ರಿಸ್‌ಮಸ್ ಹೊತ್ತಿನ ಸಿಹಿ ವೈನ್‌ಗೆ ಅದನ್ನು ಬಿಟ್ಟರಿಲ್ಲ. ಆದರೆ ಅದರ ಮೂಲ ಅಮೆರಿಕದ ಲಾಬ್ರುಸ್ಕಾ ಜಾತಿಯಲ್ಲಿದೆ. ಘಮ ತುಂಬಾ ಗಾಢ, ವೈನ್ ಆದ ಮೇಲೂ ಜ್ಯೂಸ್ ವಾಸನೆಯೇ ಮುಂದೆ ನಿಲ್ಲುತ್ತದೆ. ಸಿಹಿ ಇಲ್ಲದ ರೆಡ್ ವೈನ್ ಬೇಕು ಅಂದರೆ ಯುರೋಪಿನ ವಿನಿಫೆರಾ ಜಾತಿ ಬೇಕು: ಕ್ಯಾಬರ್ನೆ ಸೊವಿನ್ಯೋಂ, ಶಿರಾಜ್ ಅಂಥವು. ಹಣ್ಣು ಚಿಕ್ಕದು, ಸಿಪ್ಪೆ ದಪ್ಪ. ಬಣ್ಣ ಇರುವುದು ಸಿಪ್ಪೆಯಲ್ಲೇ, ಒಗರು ಸಿಪ್ಪೆ, ಬೀಜ ಎರಡರಲ್ಲೂ. ತಿನ್ನೋಕೆ ಕೊಟ್ಟರೆ ಮಕ್ಕಳು ಉಗಿಯುತ್ತವೆ.

ಈಗ ಇದನ್ನು ರೈತರ ಕಡೆಯಿಂದ ನೋಡಿ. ಬೆಂಗಳೂರು ಬ್ಲೂ ಗಟ್ಟಿ ಬಳ್ಳಿ, ಚಪ್ಪರಕ್ಕೆ ಹಬ್ಬಿಸಿದರೆ ಎಕರೆಗೆ ಹತ್ತು ಟನ್ನಿನ ಆಸುಪಾಸು ಕೊಡುತ್ತದೆ, ವರ್ಷಕ್ಕೆ ಎರಡು ಬೆಳೆ ತೆಗೆಯುವವರೂ ಇದ್ದಾರೆ. ಹಣ್ಣು ಕೊಯ್ದ ದಿನವೇ ಮಂಡಿಗೆ ಹಾಕಿದರೆ ದುಡ್ಡು. ವೈನ್ ಕಂಪನಿಯವರು ಬಂದು ಹೇಳುವುದು ಇದಕ್ಕೆ ಉಲ್ಟಾ. ಎಕರೆಗೆ ಮೂರ್ನಾಲ್ಕು ಟನ್ ಸಾಕು, ಹೆಚ್ಚಿನ ಗೊಂಚಲು ಕಿತ್ತು ಬಿಸಾಕಿ, ನೀರು ಕಡಿಮೆ ಕೊಡಿ, ನಾವು ಹೇಳಿದ ದಿನ ಕೊಯ್ಯಿರಿ. ಇಳುವರಿ ಕಡಿಮೆ ಆದಷ್ಟೂ ಉಳಿದ ಹಣ್ಣಿನಲ್ಲಿ ಸತ್ವ ಜಾಸ್ತಿ, ನಿಜ. ಆದರೆ ತಾನೇ ಬೆಳೆದ ಗೊಂಚಲನ್ನು ಕಿತ್ತು ನೆಲಕ್ಕೆ ಹಾಕು ಅಂದರೆ ಯಾವ ರೈತರಿಗೆ ಮನಸ್ಸು ಬರುತ್ತದೆ? ಅದೂ ಅಲ್ಲದೆ ಈ ಹಣ್ಣನ್ನು ಕಂಪನಿ ಬೇಡ ಅಂದರೆ ಮಂಡಿಯಲ್ಲಿ ಯಾರೂ ಮೂಸುವುದಿಲ್ಲ. ಹಾಗಾಗಿ ಹಲವು ವರ್ಷದ ಕರಾರು, ಮೊದಲೇ ಗೊತ್ತಾದ ಬೆಲೆ, ಸಕ್ಕರೆ ಅಂಶಕ್ಕೆ ತಕ್ಕ ದರ, ಇವೆಲ್ಲ ಬೇಕಾಗುತ್ತವೆ. ರೈತರಲ್ಲದವರು ಕರ್ನಾಟಕದಲ್ಲಿ ಕೃಷಿ ಜಮೀನು ಕೊಳ್ಳುವುದು 2020ರ ಕಾನೂನು ತಿದ್ದುಪಡಿಗೆ ಮುಂಚೆ ಸುಲಭವಿರಲಿಲ್ಲ. ಆದ್ದರಿಂದ ಎಲ್ಲವನ್ನೂ ಸ್ವಂತ ತೋಟದಲ್ಲೇ ಬೆಳೆಯುತ್ತೇನೆ ಅನ್ನುವ ದಾರಿಯೂ ಇಕ್ಕಟ್ಟಾಗಿತ್ತು. ಹಳ್ಳಿಯಲ್ಲಿ ಒಂದು ವರ್ಷ ಮಾತು ತಪ್ಪಿದರೆ ಹತ್ತು ವರ್ಷ ನೆನಪಿಟ್ಟುಕೊಳ್ಳುತ್ತಾರೆ. ಇಲ್ಲಿ ನಂಬಿಕೆ ಗಳಿಸುವುದಕ್ಕೂ ವರ್ಷಗಳೇ ಬೇಕು.

ದುಡ್ಡಿನ ಲೆಕ್ಕ ಒಂದು ಹಾಕಿ ನೋಡೋಣ. ಈ ವರ್ಷ ಬಳ್ಳಿ ನೆಟ್ಟಿರಿ ಅಂತ ಇಟ್ಟುಕೊಳ್ಳಿ. ಡಾಗ್‌ರಿಡ್ಜ್‌ನಂಥ ಗಟ್ಟಿ ಬೇರಿನ ಗಿಡಕ್ಕೆ ಬೇಕಾದ ತಳಿ ಕಸಿ ಕಟ್ಟಬೇಕು, ಕಂಬ, ತಂತಿ, ಬೋರ್‌ವೆಲ್, ಹನಿ ನೀರಾವರಿ ಎಲ್ಲ ಮೊದಲೇ ಆಗಬೇಕು. ವೈನ್ ಮಾಡುವಂಥ ಫಸಲು ಮೂರನೇ ವರ್ಷಕ್ಕೆ. ಒಳ್ಳೆಯ ರೆಡ್ ಆದರೆ ಪೀಪಾಯಿಯಲ್ಲಿ ಒಂದು ವರ್ಷ, ಬಾಟಲಿಯಲ್ಲಿ ಇನ್ನೊಂದಿಷ್ಟು ತಿಂಗಳು. ಅಂದರೆ ಮೊದಲ ಬಾಟಲಿ ಮಾರಾಟಕ್ಕೆ ಬರುವಾಗ ಐದು ವರ್ಷ ಕಳೆದಿರುತ್ತದೆ. ಅಷ್ಟೂ ದಿನ ಕೂಲಿ, ಕರೆಂಟು, ಬಡ್ಡಿ ನಿಲ್ಲುವುದಿಲ್ಲ. ಫ್ರೆಂಚ್ ಓಕ್ ಪೀಪಾಯಿ ಒಂದಕ್ಕೆ ಲಕ್ಷ ರೂಪಾಯಿ ಆಸುಪಾಸು. ಹಿಡಿಯುವುದು 225 ಲೀಟರ್, ಅಂದರೆ 300 ಬಾಟಲಿ. ಮೂರು ಸಲ ಬಳಸಿದ ಮೇಲೆ ಮರದ ಘಮ ಬಹುಪಾಲು ಮುಗಿಯಿತು. ಭಾಗಿಸಿದರೆ ಬಾಟಲಿಗೆ ನೂರು ರೂಪಾಯಿಗೂ ಜಾಸ್ತಿ, ಬರೀ ಮರದ ಬಾಬ್ತು! ಹಣ್ಣು, ಗಾಜು, ಬಿರಡೆ, ತೆರಿಗೆ ಇನ್ನೂ ಸೇರಿಲ್ಲ. ಅದಕ್ಕೇ ಹೆಚ್ಚಿನ ಕಂಪನಿಗಳು ಪೀಪಾಯಿ ಕಾಣದ, ಆರೇಳು ತಿಂಗಳಲ್ಲೇ ಮಾರಬಹುದಾದ ಬಿಳಿ ವೈನ್, ಕಡಿಮೆ ಬೆಲೆಯ ರೆಡ್ ಜಾಸ್ತಿ ಮಾಡುವುದು. ಹೆಸರು ತರುವುದು ಪೀಪಾಯಿಯ ವೈನ್, ಸಂಬಳ ಕೊಡುವುದು ಇವು.

ಕಾರ್ಖಾನೆಯೊಳಗಿನ ಕೆಲಸವನ್ನು ಜಾಸ್ತಿ ಎಳೆಯುವುದಿಲ್ಲ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಕರಗಿದರೆ ಮದ್ಯಸಾರ ಶೇಕಡಾ 1 ಏರುತ್ತದೆ. ಬೇಸಿಗೆಯಲ್ಲಿ ದೋಸೆ ಹಿಟ್ಟು ಬೇಗ ಹುಳಿ ಬಂದು ಉಕ್ಕುವುದನ್ನು ನೋಡಿದ್ದೀರಲ್ಲ, ಇಲ್ಲೂ ಅದೇ ತೊಂದರೆ. ಹುದುಗುವಾಗ ರಸ ತಾನೇ ಬಿಸಿಯಾಗುತ್ತದೆ, ಹೊರಗೆ ಮಾರ್ಚ್ ಬಿಸಿಲು. ಬಿಳಿ ವೈನ್‌ಗೆ 15 ಡಿಗ್ರಿ ಸುತ್ತಮುತ್ತ ಇಡದಿದ್ದರೆ ಘಮವೆಲ್ಲ ಹಾರಿಹೋಗುತ್ತದೆ. ಹಾಗಾಗಿ ಸ್ಟೀಲ್ ಟ್ಯಾಂಕುಗಳ ಸುತ್ತ ತಣ್ಣೀರು ಓಡಬೇಕು, ಕರೆಂಟ್ ಹೋದರೆ ಜನರೇಟರ್ ತಕ್ಷಣ ಏಳಬೇಕು.

1990ರ ದಶಕದ ಮಧ್ಯದಲ್ಲಿ ಗ್ರೋವರ್ ಮಾಡಿದ ಒಂದು ತೀರ್ಮಾನ ನನಗೆ ಮುಖ್ಯ ಅನ್ನಿಸುತ್ತದೆ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ಮಿಷೆಲ್ ರೋಲಾಂಡ್ ಅವರನ್ನು ಸಲಹೆಗಾರರಾಗಿ ಕರೆತಂದರು. ರೋಲಾಂಡ್ ಆಗಲೇ ಹಲವು ದೇಶಗಳ ವೈನ್ ಮನೆಗಳಿಗೆ ಸಲಹೆ ಕೊಡುತ್ತಿದ್ದವರು. ಇಂಥವರು ದಿನಾ ಬಂದು ಕೂರುವುದಿಲ್ಲ. ಯಾವ ಸಾಲು ಯಾವಾಗ ಕೊಯ್ಯಬೇಕು, ಯಾವ ಟ್ಯಾಂಕಿಗೆ ಯಾವುದನ್ನು ಎಷ್ಟು ಬೆರೆಸಬೇಕು ಅನ್ನುವ ಕೆಲವೇ ಮಾತಿಗೆ ಅವರ ಫೀಸು. ಕ್ಯಾಬರ್ನೆ, ಶಿರಾಜ್ ಬೆರೆಸಿದ ಲಾ ರಿಸರ್ವ್ ಈ ಜೋಡಿ ಕೆಲಸದ ಫಲ. 2005ರಲ್ಲಿ ಬ್ರಿಟನ್ನಿನ ಡಿಕ್ಯಾಂಟರ್ ಪತ್ರಿಕೆಯಲ್ಲಿ ಅದನ್ನು ಮೆಚ್ಚಿದವರು ಸ್ಟೀವನ್ ಸ್ಪರಿಯರ್. 1976ರಲ್ಲಿ ಪ್ಯಾರಿಸ್‌ನಲ್ಲಿ ಬಾಟಲಿಯ ಹೆಸರು ಮುಚ್ಚಿ ರುಚಿ ನೋಡಿಸಿ, ಕ್ಯಾಲಿಫೋರ್ನಿಯಾ ವೈನ್ ಫ್ರೆಂಚ್ ವೈನನ್ನು ಸೋಲಿಸಿದ್ದನ್ನು ಲೋಕಕ್ಕೆ ತೋರಿಸಿದವರೂ ಅವರೇ. ಷಾಂಪೇನ್‌ನ ವೂವ್ ಕ್ಲಿಕೋ ಕಂಪನಿ ಕೂಡ ಗ್ರೋವರ್‌ನಲ್ಲಿ ಸ್ವಲ್ಪ ಪಾಲು ತೆಗೆದುಕೊಂಡಿತ್ತು. ಮೊದಲ ಬಾಟಲಿಯಿಂದ ಸ್ಪರಿಯರ್ ಮೆಚ್ಚುಗೆಗೆ 13 ವರ್ಷ.

ಹೊಗಳಿಕೆ ಸಿಕ್ಕಿತು ಅಂತ ಬಾಟಲಿ ಮಾರಾಟ ಆಗಬೇಕಲ್ಲ. ನಮ್ಮ ಯಾವುದಾದರೂ ವೈನ್ ಶಾಪ್ ಕೌಂಟರ್ ಹತ್ತಿರ ನಿಂತು ನೋಡಿ. 90 ಎಂಎಲ್, 180 ಎಂಎಲ್ ವಿಸ್ಕಿ, ಬ್ರಾಂಡಿ ಟೆಟ್ರಾ ಪ್ಯಾಕ್‌ಗಳು ಒಂದರ ಹಿಂದೊಂದು ಹೋಗುತ್ತಿರುತ್ತವೆ. ವೈನ್ ಬಾಟಲಿಗಳು ಮೇಲಿನ ಅಟ್ಟಣೆಯಲ್ಲಿ, ಟ್ಯೂಬ್‌ಲೈಟ್ ಬಿಸಿಗೆ, ಧೂಳು ಹಿಡಿದು ನಿಂತಿರುತ್ತವೆ. ಕಾರ್ಖಾನೆಯಲ್ಲಿ ಡಿಗ್ರಿ ಲೆಕ್ಕ ಹಾಕಿ ಕಾಪಾಡಿದ್ದು ಇಲ್ಲಿ ಒಂದು ಬೇಸಿಗೆಗೆ ಕೆಟ್ಟು ಹೋಗಬಹುದು. ಬಿರಡೆ ಬಿಟ್ಟು ತಿರುಪು ಮುಚ್ಚಳ ಹಾಕುವುದಕ್ಕೆ ಇಂಥ ಅಂಗಡಿಗಳೂ ಒಂದು ಕಾರಣ. ಭಾರತದಲ್ಲಿ ವೈನ್ ಕುಡಿಯುವುದನ್ನು ತಲಾ ಲೆಕ್ಕಕ್ಕೆ ಹಾಕಿದರೆ ವರ್ಷಕ್ಕೆ ಒಂದು ಸಣ್ಣ ಲೋಟವೂ ಆಗುವುದಿಲ್ಲ. 1992ರಲ್ಲಂತೂ ಪಬ್ ಸಿಟಿ ಅನ್ನಿಸಿಕೊಂಡ ಬೆಂಗಳೂರಿಗೂ ಬೀರೇ ದೇವರು. ಗ್ರೋವರ್ ಕಂಪನಿ ಹಣ್ಣು ಬೆಳೆದ ಹಾಗೆ ಗಿರಾಕಿಗಳನ್ನೂ ಬೆಳೆಸಬೇಕಿತ್ತು.

ಬೆಳೆಸುವುದು ಹೇಗೆ? ಜಾಹೀರಾತು ಹಾಕುವ ಹಾಗಿಲ್ಲ. ಮದ್ಯ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯ, ಜಿಎಸ್‌ಟಿಯಿಂದಲೂ ಹೊರಗೆ. ಅಂದರೆ ಇಡೀ ದೇಶಕ್ಕೆ ಒಂದು ಮಾರುಕಟ್ಟೆ ಅನ್ನುವುದೇ ಇಲ್ಲ. ರಾಜ್ಯಕ್ಕೊಂದು ಸುಂಕ, ರಾಜ್ಯಕ್ಕೊಂದು ಲೇಬಲ್ ನೋಂದಣಿ, ಪರ್ಮಿಟ್. ಲೇಬಲ್ ಮೇಲೆ ಒಂದು ಸಾಲು ಬದಲಾದರೂ ಮತ್ತೆ ಕಾಗದಪತ್ರ ಓಡಾಡಬೇಕು. ಕರ್ನಾಟಕದಲ್ಲಿ 2003ರಿಂದ ಸರ್ಕಾರದ ಪಾನೀಯ ನಿಗಮವೇ ಸಗಟು ವ್ಯಾಪಾರಿ, ಕಂಪನಿ ನಿಗಮದ ಡಿಪೋಗೆ ಕೊಡಬೇಕು, ಅಂಗಡಿಯವರು ಅಲ್ಲಿಂದ ಕೊಳ್ಳಬೇಕು. ಅಬಕಾರಿ ವರ್ಷ ಶುರುವಾಗುವುದು ಜುಲೈ 1ಕ್ಕೆ, ಲೈಸೆನ್ಸ್ ನವೀಕರಣವೂ ಆಗಲೇ. ನೀತಿ ವರ್ಷ ವರ್ಷ ಬದಲಾಗಬಹುದು, ಬಳ್ಳಿ ನೆಟ್ಟವರು ಇಪ್ಪತ್ತು ವರ್ಷಕ್ಕೆ ನೆಟ್ಟಿರುತ್ತಾರೆ. ವೈನ್ ಉದ್ಯಮಿ ಅಂದರೆ ಲೋಟ ಅಲ್ಲಾಡಿಸುತ್ತಾ ಮೂಸಿ ನೋಡುವವರು ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಅವರ ಹೊತ್ತಿನ ದೊಡ್ಡ ಪಾಲು ಹೋಗುವುದು ಈ ಕಚೇರಿಗಳ ಬೆಂಚಿನ ಮೇಲೆ.

ಸರ್ಕಾರದ ಕಣ್ಣು ತೆರೆಯಲೂ ಕಾಲ ಹಿಡಿಯಿತು. ಮಹಾರಾಷ್ಟ್ರ 2001ರಲ್ಲಿ ವೈನ್‌ಗೆ ಪ್ರತ್ಯೇಕ ನೀತಿ ತಂದು ಸುಂಕ ಬಿಟ್ಟುಕೊಟ್ಟಿತು, ನಾಸಿಕ್ ಕಣ್ಣೆದುರೇ ಬೆಳೆಯಿತು. ಕರ್ನಾಟಕದ ನೀತಿ ಬಂದದ್ದು 2007ರಲ್ಲಿ, ಆಮೇಲೆ ವೈನ್ ಬೋರ್ಡ್, ವೈನ್ ಮೇಳಗಳು. ಅಷ್ಟರಲ್ಲಿ ಗ್ರೋವರ್ ಬಳ್ಳಿಗಳಿಗೆ 19 ವರ್ಷ.

ಅವಸರ ಮಾಡಿದವರ ಕತೆಯೂ ಇದೆ. ಮಹಾರಾಷ್ಟ್ರದ ನಾರಾಯಣಗಾಂವ್‌ನಲ್ಲಿ ಶ್ಯಾಮರಾವ್ ಚೌಗುಲೆ ಕಟ್ಟಿದ ಇಂಡೇಜ್ ಗ್ರೋವರ್‌ಗಿಂತ ಹಳೆಯದು, 1980ರ ದಶಕದಲ್ಲೇ ನೊರೆ ವೈನ್ ಮಾಡಿ ಹೊರದೇಶಕ್ಕೆ ಕಳಿಸಿತ್ತು. ಮುಂದೆ ಸಾಲ ಹೊತ್ತು, ವಿದೇಶಿ ಕಂಪನಿಗಳನ್ನು ಕೊಂಡು, 2008ರ ಆರ್ಥಿಕ ಕುಸಿತಕ್ಕೆ ಸಿಕ್ಕಿ ಮುಳುಗಿತು. ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ಬಳಿ ದೇಶದಲ್ಲೇ ದೊಡ್ಡ ಮದ್ಯ ಜಾಲವಿತ್ತು, ಅವರು ಕಟ್ಟಿದ ಫೋರ್ ಸೀಸನ್ಸ್ ವೈನ್ ಕೂಡ ಕೊನೆಗೆ ಕೈ ಬದಲಾಯಿಸಿತು. ಎದುರಿಗೆ ನಾಸಿಕ್‌ನ ಸುಲಾ ವೈನ್ ಕಂಪನಿಯ ರಾಜೀವ್ ಸಾಮಂತ್ ಅವರನ್ನು ನೋಡಿ. 1990ರ ದಶಕದಲ್ಲಿ ಅಮೆರಿಕ ಬಿಟ್ಟು ಬಂದರು, 2000ದಲ್ಲಿ ಮೊದಲ ವೈನ್, 2005ರಲ್ಲಿ ತೋಟದಲ್ಲೇ ರುಚಿ ನೋಡುವ ಕೋಣೆ. ಷೇರು ಮಾರುಕಟ್ಟೆಗೆ ಬಂದದ್ದು 2022ರ ಡಿಸೆಂಬರ್‌ನಲ್ಲಿ. ಈಗ ಚನ್ನಪಟ್ಟಣದ ಹತ್ತಿರವೂ ಅವರ ವೈನರಿ ಇದೆ. ಜಾಹೀರಾತು ಕೊಡಲಾಗದ ಧಂದೆಯಲ್ಲಿ ಜನರನ್ನೇ ತೋಟಕ್ಕೆ ಕರೆಸುವುದು ಅವರ ಜಾಣತನ. ರಘುನಾಥಪುರಕ್ಕೂ ಈಗ ಶನಿವಾರ, ಭಾನುವಾರ ಬೆಂಗಳೂರಿನಿಂದ ಕಾರುಗಳು ಬರುತ್ತವೆ. ಟ್ಯಾಂಕು, ಪೀಪಾಯಿ ನೋಡಿ, ನಾಲ್ಕೈದು ಬಗೆ ರುಚಿ ನೋಡಿ, ಬಾಟಲಿ ಕೊಂಡು ಹೋಗುತ್ತಾರೆ.

ಅದೇ ಕಾರುಗಳು ಬರುವ ರಸ್ತೆ ಇನ್ನೊಂದು ತಲೆನೋವು ತಂದಿದೆ. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಭಾಗದ ಜಮೀನಿನ ಬೆಲೆ ಎಲ್ಲಿಗೋ ಹೋಯಿತು. ಬೋರ್‌ವೆಲ್ ಆಳಕ್ಕೆ ಇಳಿಯುತ್ತಲೇ ಇದೆ. ದ್ರಾಕ್ಷಿ ಚಪ್ಪರ ಕಿತ್ತು ಸೈಟ್ ಮಾಡಿದರೆ ಬರುವ ದುಡ್ಡನ್ನು ಯಾವ ವೈನ್ ಕರಾರೂ ಕೊಡಲಾರದು. ಕರ್ನಾಟಕದಲ್ಲಿ ಹೊಸಬರು ದೂರ ಹೋಗುವುದಕ್ಕೆ ಇದೂ ಒಂದು ಕಾರಣ ಇರಬೇಕು. ಹಂಪಿ ಕಡೆಯ ಗುಡ್ಡಗಳಲ್ಲಿ ಕೃಷ್ಮಾ ಎಸ್ಟೇಟ್ಸ್ ಒಳ್ಳೆಯ ರೆಡ್ ಮಾಡುತ್ತಿದೆ.

ಇನ್ನು ಸುಂಕ. ವಿದೇಶಿ ವೈನ್ ಮೇಲಿನ ಶೇಕಡಾ 150 ಆಮದು ಸುಂಕ ಇಷ್ಟು ವರ್ಷ ದೇಶಿ ಕಂಪನಿಗಳಿಗೆ ಬೇಲಿಯಾಗಿತ್ತು. ಆಸ್ಟ್ರೇಲಿಯಾ ಜೊತೆಗಿನ ಒಪ್ಪಂದ 2022ರ ಡಿಸೆಂಬರ್ 29ಕ್ಕೆ ಜಾರಿಯಾಯಿತು. ಅದರ ಪ್ರಕಾರ ಆಮದು ಬೆಲೆ 5 ಡಾಲರ್ ದಾಟಿದ ಬಾಟಲಿಗೆ ಸುಂಕ ಮೊದಲು 100ಕ್ಕೆ ಇಳಿದು ಹತ್ತು ವರ್ಷದಲ್ಲಿ 50ಕ್ಕೆ ಬರುತ್ತದೆ. 15 ಡಾಲರ್ ದಾಟಿದ್ದಕ್ಕೆ ಮೊದಲು 75, ಆಮೇಲೆ 25. ಐದು ಡಾಲರ್‌ಗಿಂತ ಕೆಳಗಿನದಕ್ಕೆ ರಿಯಾಯಿತಿ ಇಲ್ಲ, ಹಾಗಾಗಿ ನಮ್ಮ ಕಡಿಮೆ ಬೆಲೆಯ ವೈನ್‌ಗಳಿಗೆ ಸದ್ಯ ಭಯವಿಲ್ಲ. ಬಿಸಿ ತಟ್ಟುವುದು ಪೀಪಾಯಿಯಲ್ಲಿ ಮಲಗಿದ ದುಬಾರಿ ರೆಡ್‌ಗಳಿಗೆ. ಇವತ್ತು ಬಳ್ಳಿ ನೆಡುವವರ ಮೊದಲ ಒಳ್ಳೆಯ ರೆಡ್ ಅಂಗಡಿಗೆ ಬರುವ ಹೊತ್ತಿಗೆ, ಪಕ್ಕದಲ್ಲೇ ಇರುವ ಆಸ್ಟ್ರೇಲಿಯಾದ ಶಿರಾಜ್ ಈಗಿನಷ್ಟು ದುಬಾರಿ ಇರುವುದಿಲ್ಲ.